ನಮ್ಮದೇ ಹೆಲಿಕಾಪ್ಟರ್

ಕಳೆದ ಮಳೆಗಾಲದಲ್ಲಿ ಕಡಬದ ಆಸುಪಾಸಿನಲ್ಲಿ ಡೆಂಗಿ ಜ್ವರ ಜೋರಾಯಿತು. ಸೊಳ್ಳೆಗೆ ಹೊಗೆ ಬಿಡುವವರು ಒಂದು ಸಂಜೆ ನಮ್ಮ ಓಣಿಗೂ ಬಂದರು. ನಾನು ಜಗಲಿಯಲ್ಲಿ ಕುಳಿತು ಬೆಳಗ್ಗಿನ ಪೇಪರನ್ನು ಎರಡನೆಯ ಸಲ ಓದುತ್ತಿದ್ದೆ. ನಿವೃತ್ತ ಸೈನಿಕನಿಗೆ ಸಂಜೆ ಹೊತ್ತು ಮಾಡಲು ಬೇರೆ ಏನಿರುತ್ತದೆ ಹೇಳಿ. ತಿರುವಿನಲ್ಲಿ ಯಂತ್ರದ ಗುರ್ರೆನ್ನುವ ಸದ್ದು ಕೇಳಿತು. ಬೇಲಿಯ ಮೇಲಿಂದ ಬಿಳಿ ಹೊಗೆ ಉರುಳಿಕೊಂಡು ಬಂತು. ನನಗೆ ಸರಿಯಾಗಿ ನೆನಪಿರುವುದು ಅಲ್ಲಿಯವರೆಗೆ ಮಾತ್ರ. ಮುಂದಿನದ್ದನ್ನು ಪಕ್ಕದ ಮನೆಯ ಹಮೀದನೇ ಹೇಳಬೇಕು. ಹೇಳುತ್ತಾನೆ ಕೂಡ, ಅವನ ರಿಕ್ಷಾ ಹತ್ತಿದವರಿಗೆಲ್ಲ.

"ಇವ ಜಗಲಿಯಿಂದ ಹಾರಿ 'ಗ್ಯಾಸ್! ಗ್ಯಾಸ್! ಗ್ಯಾಸ್!' ಅಂತ ಬೊಬ್ಬೆ ಹೊಡೆದ ಮಾರಾಯ್ರೆ. ನಾನು ಸಿಲಿಂಡರ್ ಸೋರುದು ಅಂತ ಗ್ರಹಿಸಿ ಓಡಿ ಹೋಗಿ ರೆಗ್ಯುಲೇಟರ್ ತಿರುಗಿಸಿದೆ. ಜುಬೈದ ಒಲೆಯಲ್ಲಿದ್ದ ಚಾ ಬಿಟ್ಟು ಅಂಗಳಕ್ಕೆ ಓಡಿದಳು. ಆಮೇಲೆ ನೋಡಿದರೆ ಇವ ಕಿಟಕಿ ಬಾಗಿಲು ಎಲ್ಲ ಹಾಕಿ, ತಂಗಿಯ ಮುಖಕ್ಕೆ ಚಂಡಿ ಬೈರಾಸು ಒತ್ತಿಕೊಂಡು ಮಂಚದಲ್ಲಿ ಕೂತಿದ್ದಾನೆ! ಯುದ್ಧ ಆಗಿದ್ದರೆ ಇವ ಒಬ್ಬ ಉಳಿಯುತ್ತಿದ್ದ, ನೋಡಿ."

ಯುದ್ಧ ಆಗಲಿಲ್ಲ. ಇಷ್ಟು ವರ್ಷದ ಸೇವೆಯಲ್ಲಿ ನನ್ನ ಎದುರಿಗೆ ಒಂದು ಪಟಾಕಿಯೂ ಸಿಟ್ಟಿನಿಂದ ಸಿಡಿಯಲಿಲ್ಲ. ನಾನು ಹೆಚ್ಚಿನ ಕಾಲ ಸ್ಟೋರಿನಲ್ಲಿ ಕಂಬಳಿ, ಬೂಟು ಎಣಿಸಿದವನು. ಸೈನ್ಯದಿಂದ ಊರಿಗೆ ತಂದದ್ದು ಎರಡು ಸವೆದ ಮೊಣಕಾಲು ಮತ್ತು ಈ ಮೂರು ಕೂಗು.

ಹಮೀದ್ ಯಾರೆಂದು ಹೇಳಬೇಕು. ನಾವಿಬ್ಬರೂ ಇಚಿಲಂಪಾಡಿಯ ಆಚೆ ಒಂದು ಗೇರು ಗುಡ್ಡದ ಬುಡದಲ್ಲಿ ಹುಟ್ಟಿದವರು, ಒಂದೇ ಶಾಲೆಯ ಒಂದೇ ಬೆಂಚಿನವರು. ಆಮೇಲೆ ಅವನು ಗಲ್ಫಿಗೆ ಹೋದ, ನಾನು ಸೈನ್ಯಕ್ಕೆ ಹೋದೆ. ಈಗ ಇಬ್ಬರೂ ಕಡಬದ ಹತ್ತಿರ ಅಕ್ಕಪಕ್ಕದ ಮನೆ ಮಾಡಿಕೊಂಡಿದ್ದೇವೆ. ಅವನ ಹೆಂಡತಿ ಜುಬೈದ. ಮಕ್ಕಳಿಲ್ಲ. ಅವನು ಅವಳ ಹತ್ತಿರ ಮಾತಾಡುದು ಬ್ಯಾರಿ, ನಾನು ನನ್ನ ಅವ್ವನ ಹತ್ತಿರ ಆಡುತ್ತಿದ್ದದ್ದು ಅರೆಭಾಷೆ, ನಾವಿಬ್ಬರು ಬೈದಾಡುದು ತುಳುವಿನಲ್ಲಿ. ಅವ್ವನ ನಾಲ್ಕು ಮಾತು ಬಿಟ್ಟು ಉಳಿದದ್ದನ್ನೆಲ್ಲ ನಿಮಗೋಸ್ಕರ ಕನ್ನಡಕ್ಕೆ ತರುತ್ತಿದ್ದೇನೆ. ಬೈಗುಳದ ರುಚಿ ಸ್ವಲ್ಪ ಕಡಿಮೆಯಾದರೆ ಕ್ಷಮಿಸಿ.

ಮತ್ತೆ ರತ್ನ, ನನ್ನ ತಂಗಿ. ನಲವತ್ತರ ಹತ್ತಿರ ಬಂದಿದ್ದಾಳೆ. ಎತ್ತಿದರೆ ಎಂಟು ವರ್ಷದ ಮಗುವಿನಷ್ಟೇ ಭಾರ. ಹುಟ್ಟಿದಾಗಿನಿಂದ ಮಲಗಿದವಳು, ಕೂರಿಸಿದರೆ ಕೂರುತ್ತಾಳೆ, ಬಿಟ್ಟರೆ ಬೀಳುತ್ತಾಳೆ. ಕೈಗಳು ಎದೆಯ ಹತ್ತಿರ ಮಡಚಿಕೊಂಡೇ ಇವೆ, ಬೆರಳು ಬಿಡಿಸಿ ಉಗುರು ಕತ್ತರಿಸುವುದೇ ಒಂದು ಬೆಳಗಿನ ಕೆಲಸ. ಮಾತಿಲ್ಲ. ನಗು ಉಂಟು, ಅದೂ ಯಾವಾಗ ಬರುತ್ತದೆಂದು ಹೇಳುವ ಹಾಗಿಲ್ಲ. ಸೊಳ್ಳೆ ಹೊಗೆಯ ದಿನ ನಾನು ಆ ಒದ್ದೆ ಟವೆಲು ತೆಗೆದಾಗ ಅವಳು ನಗುತ್ತಿದ್ದಳು. ಮುಖ ಒದ್ದೆ ಮಾಡುವ ಆಟ ಎಂದುಕೊಂಡಿರಬೇಕು.

ಆ ರಾತ್ರಿ ಹಮೀದ್ ಊರನ್ನೆಲ್ಲ ನಗಿಸಿ ಮುಗಿಸಿದ ಮೇಲೂ ನನಗೆ ನಗು ಬರಲಿಲ್ಲ. ಆ ಕೂಗನ್ನು ಕಲಿತ ದಿನ ನೆನಪಾಗಿತ್ತು.

ಸೈನ್ಯದ ಭರ್ತಿಗೆ ನಾನು ಮತ್ತು ಹಮೀದ್ ಒಟ್ಟಿಗೇ ಹೋದದ್ದು. ದೇಶಭಕ್ತಿ ಎಂದರೆ ಸುಳ್ಳಾಗುತ್ತದೆ. ಅಪ್ಪ ನಾನು ಹೈಸ್ಕೂಲಿನಲ್ಲಿರುವಾಗಲೇ ತೀರಿಕೊಂಡಿದ್ದರು, ಮನೆಯಲ್ಲಿ ಮಲಗಿದ ತಂಗಿ, ಅವಳ ಪಕ್ಕ ಕೂತ ಅವ್ವ. ಓಡುವುದೊಂದು ನನಗೆ ಬರುತ್ತಿತ್ತು. ಹಮೀದ್ ನನಗಿಂತ ಮುಂದೆ ಓಡಿದ, ಆದರೆ ಅಂಗಿ ಬಿಚ್ಚಿಸಿದಾಗ ಡಾಕ್ಟರು ಅವನ ಬೆನ್ನು ನೋಡಿ ತಲೆ ಅಲ್ಲಾಡಿಸಿದರು. ಚಿಕ್ಕಂದಿನಿಂದ ಅವನ ಚರ್ಮ ಮೀನಿನ ಹೊಪ್ಪಳೆಯಂತೆ ಏಳುತ್ತಿತ್ತು. "ನನ್ನನ್ನು ಬೇಡ ಅಂದ ಸೈನ್ಯ ನಿನ್ನನ್ನು ತಗೊಂಡಿತಲ್ಲ, ಈ ದೇಶದ ಗತಿ ಎಂತದು!" ಎಂದು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಅಪ್ಪಿಕೊಂಡು ಕಳಿಸಿದ.

ತರಬೇತಿ ಕೇಂದ್ರ ಇದ್ದದ್ದು ದೂರದ ಬಯಲಿನಲ್ಲಿ. ಮರ ಎಂದರೆ ಜಾಲಿ, ಬೇವು; ನೀರೆಂದರೆ ಟ್ಯಾಂಕರ್. ನನ್ನ ಹಿಂದಿಯೋ, ಶಾಲೆಯ ಪದ್ಯಪುಸ್ತಕದ್ದು. ಮೊದಲ ವಾರವೇ ಒಬ್ಬ ಹವಾಲ್ದಾರರು ಸಾಲಾಗಿ ನಿಲ್ಲಿಸಿ, ಯಾರ ಹತ್ತಿರ ಕಂಬಳಿ ಉಂಟು, ಯಾರ ಹತ್ತಿರ ಇಲ್ಲ ಎಂದು ಕೇಳುತ್ತಾ ಬಂದರು. ನನ್ನ ಸರದಿ ಬಂದಾಗ ಗಾಬರಿಯಲ್ಲಿ ಬಾಯಿಂದ ಹೊರಟದ್ದು ನಮ್ಮ ಊರಿನ ಮಾತು: "ಉಂಟು!" ಹಿಂದಿಯಲ್ಲಿ ಊಂಟ್ ಎಂದರೆ ಒಂಟೆ ಎಂದು ನನಗೇನು ಗೊತ್ತು. "ಕಂಬಳಿ ಕೇಳಿದರೆ ಒಂಟೆ ಇದೆ ಅನ್ನುತ್ತಾನೆ!" ಎಂದು ಅವರು ಬಿದ್ದು ಬಿದ್ದು ನಕ್ಕರು. ಅಲ್ಲಿಂದ ತರಬೇತಿ ಮುಗಿಯುವವರೆಗೆ ನನ್ನ ಹೆಸರು ಊಂಟ್. ಪದ್ಮನಾಭ ಎಂದು ಕರೆದರೆ ನಾನೇ ತಿರುಗಿ ನೋಡುತ್ತಿರಲಿಲ್ಲ.

ಕವಾಯತು, ರೈಫಲು, ಹಗ್ಗ ಹತ್ತುವುದು ಎಲ್ಲ ಆದ ಮೇಲೆ ಒಂದು ದಿನ ರಾಸಾಯನಿಕ ದಾಳಿಯಿಂದ ರಕ್ಷಣೆಯ ಪಾಠ ಬಂತು. ಹೇಳಿಕೊಡಲು ಬಂದವರು ಠಾಕೂರ್ ಉಸ್ತಾದ್, ಹಿಮಾಚಲದ ಕಡೆಯವರು. ಸಣಕಲು ಆಳು, ಬಿಳಿ ಮೀಸೆ. ಬೇರೆ ಉಸ್ತಾದರ ಹಾಗೆ ಕಿರುಚುತ್ತಿರಲಿಲ್ಲ. ಬೇವಿನ ಮರದಡಿ ನಮ್ಮನ್ನು ಕೂರಿಸಿ, ಒಬ್ಬೊಬ್ಬರ ಮಡಿಲಿಗೂ ಒಂದೊಂದು ಮಾಸ್ಕ್ ಹಾಕಿದರು. ಎರಡು ದೊಡ್ಡ ಗಾಜಿನ ಕಣ್ಣು, ಹಂದಿಯ ಮೂತಿಯಂಥ ಡಬ್ಬ. ಒಳಗೆ ಮುಖ ತೂರಿಸಿದ್ದೇ ಪಕ್ಕದ ಪಂಜಾಬಿ ಹುಡುಗ ಓಕರಿಸಿದ. ಹಳೆಯ ರಬ್ಬರಿನ ವಾಸನೆ ಅಷ್ಟು ಗಾಟು. ನನಗೆ ಮಾತ್ರ ಊರು ನೆನಪಾಯಿತು. ನಮ್ಮಲ್ಲಿ ರಬ್ಬರ್ ಶೀಟಿಗೆ ಹೊಗೆ ಹಾಕುವ ಗೂಡಿನ ಪಕ್ಕ ಹಾದರೆ ಇದೇ ವಾಸನೆ ತಾನೇ? ಎಲ್ಲರೂ ಮಾಸ್ಕ್ ಕಿತ್ತು ಉಸಿರೆಳೆದುಕೊಳ್ಳುತ್ತಿದ್ದಾಗ ನಾನೊಬ್ಬ ಒಳಗೇ ಇದ್ದು ಮನೆಯ ನೆನಪಿನಲ್ಲಿ ಮೂಗು ಅರಳಿಸುತ್ತಿದ್ದೆ. "ಊಂಟ್‌ನನ್ನು ನೋಡಿ ಕಲಿಯಿರಿ!" ಎಂದರು ಉಸ್ತಾದ್. ಇಡೀ ತರಬೇತಿಯಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ.

ಪಾಠ ಸರಳವಾಗಿತ್ತು. ಅನುಮಾನ ಬಂದದ್ದೇ ಉಸಿರು ಕಟ್ಟು, ಕಣ್ಣು ಮುಚ್ಚು. ಗದ್ದ ಮೊದಲು ಒಳಗೆ, ಪಟ್ಟಿ ತಲೆಯ ಹಿಂದಕ್ಕೆ. ಒಳಗಿನ ಗಾಳಿಯನ್ನು ಊದಿ ಹೊರಗೆ ಹಾಕು. ಆಮೇಲೆ ಕೂಗು, ಪಕ್ಕದವನಿಗೆ ಕೇಳುವ ಹಾಗೆ ಮೂರು ಸಲ ಕೂಗು. "ನಿನ್ನ ಮುಖ ಮುಚ್ಚಿದರೆ ಸಾಲದು, ಮಗನೇ. ಪಕ್ಕದವನಿಗೆ ಹೇಳದಿದ್ದರೆ ನೀನು ಸೈನಿಕನಲ್ಲ" ಎಂದರು. ಮೈಮೇಲೆ ಹನಿ ಬಿದ್ದರೆ ಉಜ್ಜಬಾರದು, ಒಂದು ಪುಡಿಯಿಂದ ಒತ್ತಿ ತೆಗೆಯಬೇಕು. ಆ ಪುಡಿ ಯಾವುದೆಂದು ನೋಡಿದರೆ ಮುಲ್ತಾನಿ ಮಿಟ್ಟಿ! ಹೆಂಗಸರು ಮುಖ ಬಿಳಿ ಮಾಡಲು ಹಚ್ಚುವುದು. ಕೆಲವು ವಿಷಗಳ ವಾಸನೆ ಬೆಳ್ಳುಳ್ಳಿಯಂತೆ ಇರುತ್ತದೆ, ಕೆಲವು ಆಗ ತಾನೇ ಕೊಯ್ದ ಹುಲ್ಲಿನಂತೆ ಎಂದೂ ಹೇಳಿದರು. ಬೆಳ್ಳುಳ್ಳಿ ಎಂದ ಕೂಡಲೇ ನಮಗೆಲ್ಲ ಒಗ್ಗರಣೆ ನೆನಪಾಗಿ ಹೊಟ್ಟೆ ಚುರುಗುಟ್ಟಿತು. ಊಟಕ್ಕೆ ಇನ್ನೂ ಹೊತ್ತಿತ್ತು.

ಆಮೇಲೆ ಅವರು ದಾಳಿಯಾಗಿದೆ ಎಂದು ಗುರುತಿಸುವ ಲಕ್ಷಣ ಹೇಳಲು ಸುರು ಮಾಡಿದರು. "ವಿಮಾನವೋ ಹೆಲಿಕಾಪ್ಟರೋ ತೀರ ಕೆಳಗೆ ಹಾರುತ್ತದೆ. ಬಾಂಬು ಹಾಕುವುದಿಲ್ಲ. ಹಿಂದಿನಿಂದ ಮಂಜಿನ ಹಾಗೆ ಏನೋ ಇಳಿಯುತ್ತದೆ. ಎಲೆಯ ಮೇಲೆ ಎಣ್ಣೆಯಂಥ ಹನಿ ಕಾಣುತ್ತದೆ. ನೊಣ, ಜೇನುಹುಳ ರಾಶಿ ಬಿದ್ದು ಸಾಯುತ್ತವೆ. ತೊರೆಯ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತದೆ. ದನಕರು ನಡುಗುತ್ತವೆ, ಹಕ್ಕಿಯ ಸದ್ದು ನಿಲ್ಲುತ್ತದೆ."

ಅವರು ಹೇಳಿದ ಒಂದೊಂದು ಲಕ್ಷಣಕ್ಕೂ ನಾನು ಒಂದೊಂದು ಬೆರಳು ಮಡಚುತ್ತಾ ಹೋದೆ.

ನಾನು ಶಾಲೆಗೆ ಹೋಗುವಾಗ ವರ್ಷಕ್ಕೊಮ್ಮೆ, ಗೇರು ಹೂ ಬಿಡುವ ಕಾಲಕ್ಕೆ, ನಮ್ಮ ಗುಡ್ಡಕ್ಕೆ ಹೆಲಿಕಾಪ್ಟರ್ ಬರುತ್ತಿತ್ತು. ಗೇರಿಗೆ ಹುಳ ಬೀಳದ ಹಾಗೆ ಮದ್ದು ಬಿಡುದು ಎಂದು ದೊಡ್ಡವರು ಹೇಳುತ್ತಿದ್ದರು. ನಮಗೆ ಅದು ಹಬ್ಬ. ಕಾರು ನೋಡಬೇಕಾದರೂ ರಸ್ತೆಗೆ ಹೋಗಬೇಕಾದ ಊರಿಗೆ ಆಕಾಶದಿಂದ ವಾಹನ ಬರುವುದೆಂದರೆ! ಸದ್ದು ಕೇಳಿದ್ದೇ ಮಾಸ್ಟ್ರು ಪುಸ್ತಕ ಮುಚ್ಚಿ, "ಹೋಗಿ, ನೋಡಿ ಬನ್ನಿ" ಎನ್ನುತ್ತಿದ್ದರು. ಅವರೂ ಬರುತ್ತಿದ್ದರು. ನಾವು ಮೈದಾನದಲ್ಲಿ ಕುಣಿದು ಕೈ ಬೀಸಿದರೆ, ಒಳಗೆ ಕೂತವನು ಒಮ್ಮೊಮ್ಮೆ ಕೈ ಬೀಸುತ್ತಿದ್ದ. ಆಮೇಲೆ ಮುಖದ ಮೇಲೆ ತಣ್ಣಗೆ ಹನಿ ಬೀಳುತ್ತಿತ್ತು. ಹಮೀದ್ ಒಮ್ಮೆ ಅಂಗಿ ಬಿಚ್ಚಿ ತಲೆಯ ಮೇಲೆ ತಿರುಗಿಸುತ್ತಾ ಇಡೀ ಬೆನ್ನಿಗೆ ಆ ಮಳೆ ಹಿಡಿದಿದ್ದ. ಮನೆಗೆ ಬಂದರೆ ಜಗಲಿಯಲ್ಲಿ ಜೇನುಹುಳ ಹುರಿಗಡಲೆ ಚೆಲ್ಲಿದ ಹಾಗೆ ಬಿದ್ದಿರುತ್ತಿತ್ತು. ಅವ್ವ ಗುಡಿಸಿ ಹೊರಗೆ ಹಾಕುತ್ತಿದ್ದಳು. ತೋಡಿನಲ್ಲಿ ತೇಲಿದ ಮೀನನ್ನು ನಾವು ಬುಟ್ಟಿಯಲ್ಲಿ ತುಂಬಿಸಿ ತಂದು ಸಾರು ಮಾಡಿಸಿ ಉಂಡದ್ದೂ ಉಂಟು.

ಮದ್ದು ಬಿಡುವ ಮುನ್ನಾದಿನ ಒಬ್ಬ ಬಂದು, "ಬಾವಿ ಮುಚ್ಚಿಕೊಳ್ಳಿ" ಎಂದು ಹೇಳಿ ಹೋಗುತ್ತಿದ್ದ. ಅಪ್ಪ ಬಾವಿಯ ಬಾಯಿಗೆ ನಾಲ್ಕು ತೆಂಗಿನ ಗರಿ ಅಡ್ಡ ಹಾಕುತ್ತಿದ್ದರು. ನಮ್ಮ ಊರಿಗೆ ಸಿಕ್ಕ ರಾಸಾಯನಿಕ ರಕ್ಷಣೆ ಅಷ್ಟೇ.

"ಇಂಥದ್ದನ್ನು ಯಾರಾದರೂ ನೋಡಿದ್ದೀರಾ?" ಎಂದು ಉಸ್ತಾದ್ ಕೇಳಿದರು. ಅದು ಉತ್ತರಕ್ಕಾಗಿ ಕೇಳಿದ ಪ್ರಶ್ನೆಯಲ್ಲ. ಪಾಠದ ನಡುವೆ ಹಾಗೆ ಕೇಳುವುದು ಅವರ ರೂಢಿ. ನಾನು ಕೈ ಎತ್ತಿದೆ.

"ಊಂಟ್, ನೀನಾ?"

"ಹೌದು ಉಸ್ತಾದ್. ಎಲ್ಲ ನೋಡಿದ್ದೇನೆ. ಹೆಲಿಕಾಪ್ಟರ್, ಜೇನು, ಮೀನು, ಎಲ್ಲ."

"ಎಲ್ಲಿ?"

"ನಮ್ಮ ಊರಲ್ಲಿ. ವರ್ಷ ವರ್ಷ ಬರುತ್ತಿತ್ತು."

"ಯಾವ ದೇಶದ ಹೆಲಿಕಾಪ್ಟರ್?"

"ನಮ್ಮದೇ, ಉಸ್ತಾದ್."

ಇಡೀ ಪ್ಲಟೂನು ಹೋ ಎಂದು ನಕ್ಕಿತು. ಬೇವಿನ ಮರದ ಕಾಗೆಗಳು ಎದ್ದು ಹೋದವು. ಪಕ್ಕದಲ್ಲಿ ನಿಂತಿದ್ದ ಸಹಾಯಕ ಹವಾಲ್ದಾರರಿಗೆ ನಾನು ಉಸ್ತಾದರನ್ನು ಗೇಲಿ ಮಾಡಿದೆ ಎಂದು ಸಿಟ್ಟು ಬಂತು. ಮಾಸ್ಕ್ ಹಾಕಿಸಿ, ರೈಫಲ್ ತಲೆಯ ಮೇಲೆ ಹಿಡಿಸಿ, ಮೈದಾನಕ್ಕೆ ಸುತ್ತು ಹಾಕಿಸಿದರು. ಓಡುವಾಗ ಮಾಸ್ಕಿನ ಗಾಜಿನೊಳಗೆ ಮಂಜು ಕಟ್ಟಿ ಏನೂ ಕಾಣುತ್ತಿರಲಿಲ್ಲ. ನನ್ನ ತಲೆಯೊಳಗೆ ಒಂದೇ ಲೆಕ್ಕ ಓಡುತ್ತಿತ್ತು. ರತ್ನ ಹುಟ್ಟಿದ್ದು ಮಳೆಗಾಲದಲ್ಲಿ. ಗೇರು ಹೂ ಬಿಡುವ ಹೊತ್ತಿಗೆ ಅವಳು ಅವ್ವನ ಹೊಟ್ಟೆಯಲ್ಲಿದ್ದಳು.

ಮಧ್ಯಾಹ್ನದ ಮೇಲೆ ನಮ್ಮನ್ನು ಒಂದು ಸಣ್ಣ ಗುಡಿಸಲಿಗೆ ಕರೆದುಕೊಂಡು ಹೋದರು. ಒಳಗೆ ಕಣ್ಣೀರು ಬರಿಸುವ ಗುಳಿಗೆ ಸುಡುತ್ತಿದ್ದರು. ಅದರಿಂದ ಸಾಯುವುದಿಲ್ಲ, ಆದರೆ ಸತ್ತರೆ ಒಳ್ಳೆಯದಿತ್ತು ಅನ್ನಿಸುತ್ತದೆ. ಮಾಸ್ಕ್ ಹಾಕಿ ಒಳಗೆ ಹೋಗಬೇಕು; ಒಳಗೆ ಮಾಸ್ಕ್ ತೆಗೆದು ಹೆಸರು, ನಂಬರು, ಊರು ಹೇಳಬೇಕು; ಆಮೇಲೆ ಹೊರಗೆ ಓಡಬಹುದು. ಮಾಸ್ಕ್ ಮೇಲೆ ನಂಬಿಕೆ ಬರಲಿ ಎಂದು ಹೀಗೆ ಮಾಡುವುದಂತೆ. ನನಗಿಂತ ಮುಂಚೆ ಹೋದವರು ಹೆಸರು ಹೇಳುವಷ್ಟರಲ್ಲಿ ಕೆಮ್ಮಿ, ಮೂಗು ಬಾಯಿ ಕಣ್ಣಲ್ಲೆಲ್ಲ ನೀರು ಸುರಿಸಿಕೊಂಡು ಹೊರಗೆ ಬಿದ್ದರು. ಆ ಪಂಜಾಬಿ ಹುಡುಗ ಅಮ್ಮನನ್ನು ಕರೆಯುತ್ತಿದ್ದ.

ನಾನು ಮಾಸ್ಕ್ ತೆಗೆದೆ. ಮುಖಕ್ಕೆ ಮೆಣಸು ಅರೆದು ಹಚ್ಚಿದ ಹಾಗಾಯಿತು. ಹೆಸರು ಹೇಳಿದೆ, ನಂಬರು ಹೇಳಿದೆ. ಊರಿನ ಹೆಸರು ಹೊರಡಲಿಲ್ಲ. ಹೊರಗೆ ಓಡಲಿಲ್ಲ, ಅಲ್ಲೇ ಮೊಣಕಾಲೂರಿ ಕೂತು ಅತ್ತೆ. ಅಪ್ಪ ಸತ್ತಾಗ ಅಷ್ಟು ಅತ್ತಿರಲಿಲ್ಲ. ಆ ಗುಡಿಸಲಿನಲ್ಲಿ ಅಳುವುದಕ್ಕೆ ಕಾರಣ ಕೇಳುವವರು ಯಾರೂ ಇರಲಿಲ್ಲವಲ್ಲ. ಕೊನೆಗೆ ಠಾಕೂರ್ ಉಸ್ತಾದರೇ ಒಳಗೆ ಬಂದು, ಕಾಲರ್ ಹಿಡಿದು ನನ್ನನ್ನು ಹೊರಗೆ ಎಳೆದು ಹಾಕಿದರು.

ಸಂಜೆ ಅವರು ನನ್ನನ್ನು ಟ್ಯಾಂಕರಿನ ನಲ್ಲಿಯ ಹತ್ತಿರ ಕಂಡು ನಿಂತರು. "ಬೆಳಗ್ಗೆ ಹೇಳಿದ್ದು ನಿಜವಾ?" ಎಂದು ಕೇಳಿದರು. ನಾನು ನನ್ನ ಮುರುಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಶಾಲೆ, ಮಾಸ್ಟ್ರು, ಮೀನಿನ ಸಾರು, ಕಡೆಗೆ ತಂಗಿ. ನಮ್ಮ ಓಣಿಯಲ್ಲೇ ಅಂಥ ಮಕ್ಕಳು ಇನ್ನೂ ಇದ್ದಾರೆ ಎಂದೂ ಹೇಳಿದೆ.

"ನಾನು ಪಾಠ ಮಾಡುವುದು ಶತ್ರುವಿನ ಹೆಲಿಕಾಪ್ಟರ್ ಬಂದರೆ ಏನು ಮಾಡಬೇಕು ಅಂತ" ಎಂದರು. "ನೀನು ಹೇಳಿದ್ದಕ್ಕೆ ನನ್ನಲ್ಲಿ ಪಾಠ ಇಲ್ಲ."

ಹೋಗುವ ಮೊದಲು ನನ್ನ ಹೆಸರು ಕೇಳಿದರು. ಪದ್ಮನಾಭ ಎಂದೆ. ಆಮೇಲೆ ಅವರೊಬ್ಬರು ನನ್ನನ್ನು ಊಂಟ್ ಎಂದು ಕರೆಯಲಿಲ್ಲ.

ತರಬೇತಿ ಮುಗಿದು ಮೊದಲ ರಜೆಗೆ ಊರಿಗೆ ಬಂದೆ. ಈ ವಿಷಯ ಅವ್ವನಿಗೆ ಹೇಳಲೇಬೇಕೆಂದು ಮೂರು ರೈಲು ಬದಲಿಸುವಾಗಲೂ ಅದನ್ನೇ ಹೊತ್ತುಕೊಂಡಿದ್ದೆ. ಯಾಕೆಂದರೆ ಅವ್ವ ಬದುಕುತ್ತಿದ್ದದ್ದು ಬೇರೊಂದು ನಂಬಿಕೆಯಲ್ಲಿ. ಅವಳ ತವರು ಆಲೆಟ್ಟಿ. ರತ್ನ ಹುಟ್ಟಿದ ಮೇಲೆ ಆ ಕಡೆಯ ಜೋಯಿಸರೊಬ್ಬರು ಕವಡೆ ಹಾಕಿ, ಬಸುರಿಯಾಗಿದ್ದಾಗ ನಾಗನ ಬನಕ್ಕೆ ಕಾಲಿಟ್ಟಿದ್ದೀರಿ, ಅದರ ಮುನಿಸು ಎಂದಿದ್ದರು. ಅವ್ವನಿಗೆ ಹಾಗೆ ಕಾಲಿಟ್ಟ ನೆನಪಿರಲಿಲ್ಲ. ಆದರೂ ಒಪ್ಪಿಕೊಂಡಳು. ಮಾಡದ ತಪ್ಪಿಗೆ ಮೀನು ಬಿಟ್ಟಳು. ನಮ್ಮ ಕಡೆ ಮೀನು ಬಿಡುವುದೆಂದರೆ ಅರ್ಧ ಜೀವ ಬಿಟ್ಟ ಹಾಗೆ. ನಾಗನ ಕಲ್ಲಿಗೆ ಎರೆದ ಹಾಲು, ಎಳನೀರು ಎಷ್ಟೋ. ಪ್ರತಿ ಸಲ ಬಂದು ರತ್ನಳ ಕೈ ಬೆರಳು ಬಿಡಿಸಿ ನೋಡುತ್ತಿದ್ದಳು, ಸ್ವಲ್ಪವಾದರೂ ಸಡಿಲವಾಗಿದೆಯೋ ಎಂದು.

ನನ್ನ ಲೆಕ್ಕ ಏನೆಂದರೆ, ನಿಜ ಹೇಳಿದರೆ ಅವ್ವನ ತಲೆಯ ಮೇಲಿನ ಆ ಹೊರೆ ಇಳಿಯುತ್ತದೆ. ಕಡಬದ ಪೇಟೆಯಿಂದ ಬಂಗುಡೆ ಮೀನು ತಗೊಂಡೇ ಮನೆಗೆ ಹೋದೆ. ಎಂಥ ಉತ್ಸಾಹ ನೋಡಿ ನನ್ನದು!

ಅಡುಗೆಮನೆಯಲ್ಲಿ ಅವಳು ಮೀನು ತೊಳೆಯುತ್ತಿದ್ದಾಗ ಎಲ್ಲವನ್ನೂ ಹೇಳಿದೆ. ಉಸ್ತಾದರ ಪಾಠ, ಲಕ್ಷಣ, ತಿಂಗಳಿನ ಲೆಕ್ಕ. "ನಾಗನೂ ಇಲ್ಲ, ಮುನಿಸೂ ಇಲ್ಲ ಅವ್ವ. ನಿನ್ನದೇನೂ ತಪ್ಪಿಲ್ಲ. ಅದು ಹೆಲಿಕಾಪ್ಟರಿನ ಮದ್ದು. ಇನ್ನು ನೀನೂ ಮೀನು ತಿನ್ನು."

ಅವ್ವ ಕೈ ನಿಲ್ಲಿಸಿದಳು. ಹಿಡಿದಿದ್ದ ಮೀನನ್ನು ನೀರಿಗೆ ಬಿಟ್ಟಳು.

"ಆ ದಿನ ನಾ ಗುಡ್ಡಕ್ಕೆ ಸೌದೆಗೆ ಹೋಗಿದ್ದೆ ಮಗ" ಎಂದಳು. "ಬಾವಿ ಮುಚ್ಚಿ ಅಂತ ಹೇಳಿದ್ದೊ. ಗುಡ್ಡಕ್ಕೆ ಬೇಡ ಅಂತ ಯಾರೂ ಹೇಳಿತ್‌ಲೆ. ಹೆಲಿಕಾಪ್ಟರ್ ಬಾತ್. ನಾ ಮೇಲೆ ನೋಡಿಕಂಡ್ ನಿಂತಿದ್ದೆ. ಇದ್ ಹೊಟ್ಟೆಲಿ ಇತ್ತ್."

"ಯಾರೂ ಹೇಳದಿದ್ದರೆ ನಿನಗೇನು ಗೊತ್ತಾಗಬೇಕು ಅವ್ವ..."

"ನಾಗ ಮುನಿದಿದ್ರೆ ಹರಕೆ ಹೇಳಿ ಕಾಲು ಹಿಡಿಯಕ್ಕೆ ಆಗ್ತಿತ್ತ್. ಇಷ್ಟು ವರ್ಷ ಹಿಡ್ಕಂಡೇ ಇದ್ದೆ. ಈ ಹೆಲಿಕಾಪ್ಟರಿನ ಕಾಲು ಎಲ್ಲಿ ಉಟ್ಟು ಹೇಳ್?"

ಹಿಡಿಯಲು ಹೆಲಿಕಾಪ್ಟರಿಗೆ ಕಾಲು ಎಲ್ಲಿದೆ ಎಂದು ಕೇಳಿದಳು. ಅವಳು ಮೀನು ತೊಳೆದು, ಮಸಾಲೆ ಅರೆದು, ಸಾರು ಮಾಡಿ ನನಗೆ ಬಡಿಸಿದಳು. ತಾನು ಮಜ್ಜಿಗೆಯಲ್ಲಿ ಉಂಡಳು. ಹಾಲು, ಎಳನೀರು ತೆಗೆದುಕೊಂಡು ನಾಗನ ಬನಕ್ಕೆ ಹೋಗುವುದನ್ನು ಆ ವರ್ಷದಿಂದ ನಿಲ್ಲಿಸಿದಳು. ರತ್ನಳ ಬೆರಳು ಬಿಡಿಸಿ ನೋಡುವುದನ್ನೂ ನಿಲ್ಲಿಸಿದಳು. ಉಗುರು ಕತ್ತರಿಸಲು ಮಾತ್ರ ಬಿಡಿಸುತ್ತಿದ್ದಳು. ನಾನು ಹೊರೆ ಇಳಿಸಲು ಹೋದವನು; ಇಳಿದದ್ದು ಅವಳ ಆಸೆ ಮಾತ್ರ.

ಮುಂದೆ ಎಲ್ಲವೂ ಪೇಪರಿನಲ್ಲಿ ಬಂತು. ಎಂಡೋಸಲ್ಫಾನ್ ಎಂಬ ಆ ಮದ್ದಿನ ಹೆಸರು ಅಕ್ಷರ ಬಾರದವರ ಬಾಯಿಗೂ ಬಂತು. ಧರಣಿ ಆಯಿತು, ಡಾಕ್ಟರುಗಳ ಶಿಬಿರ ಆಯಿತು, ಮದ್ದು ನಿಂತಿತು, ಅಂಥ ಮಕ್ಕಳಿಗೆ ತಿಂಗಳಿಗಿಷ್ಟು ಎಂದು ಸಹಾಯ ಬಂತು. ಕ್ಯಾಮೆರಾ ಹಿಡಿದವರು ಬಂದು ರತ್ನಳ ಫೋಟೋ ತೆಗೆದರು. "ಸ್ವಲ್ಪ ಬೆಳಕಿಗೆ ತನ್ನಿ" ಎಂದರು. ಅವ್ವ ಎತ್ತಿಕೊಂಡು ಬೆಳಕಿಗೆ ತಂದಳು. ಯಾರು ಏನು ಕೇಳಿದರೂ ಕೊಟ್ಟಳು, ಏನನ್ನೂ ಕೇಳಲಿಲ್ಲ.

ನನಗೆ ಹೆಣ್ಣು ನೋಡಿದ್ದೂ ಆಯಿತು. ಸೈನ್ಯದ ಕೆಲಸ ಎಂದರೆ ಮೊದಲು ಎಲ್ಲರಿಗೂ ಖುಷಿ. ಮನೆ ನೋಡಲು ಬಂದವರು ಒಳಕೋಣೆಯ ಮಂಚ ನೋಡುತ್ತಿದ್ದರು, ಚಾ ಪೂರ್ತಿ ಕುಡಿಯದೆ ಎದ್ದು ಹೋಗುತ್ತಿದ್ದರು. ಸುಳ್ಯದ ಕಡೆಯ ಒಬ್ಬರು ಮಾತ್ರ ನೇರವಾಗಿ ಹೇಳಿದರು: "ಹುಡುಗ ಅಡ್ಡಿಯಿಲ್ಲ. ಆದರೆ ಆ ಮದ್ದು ಇವನ ಮೈಗೂ ಬಿದ್ದಿದೆಯಲ್ಲ. ನಾಳೆ ಮಕ್ಕಳು?" ನಾನು ಅವರ ಮೇಲೆ ಸಿಟ್ಟಾಗಲಿಲ್ಲ. ಆ ಪ್ರಶ್ನೆ ನನಗೂ ಇತ್ತು. ಹಮೀದ್ ಮತ್ತು ಜುಬೈದ ಡಾಕ್ಟರಿಂದ ಡಾಕ್ಟರಿಗೆ ಅಲೆದದ್ದನ್ನು ನಾನು ನೋಡಿದ್ದೆ. ಅದರ ಬಗ್ಗೆ ನಾವು ಯಾವತ್ತೂ ಮಾತಾಡಿಲ್ಲ. ಇವತ್ತಿಗೂ ಇಲ್ಲ.

ಸೇವೆ ಮುಗಿಸಿ ಬಂದಾಗ ಅವ್ವ ಬಗ್ಗಿ ಹೋಗಿದ್ದಳು. ಆದರೂ ರತ್ನಳನ್ನು ಎತ್ತುವುದು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ ದೇವರ ಮುಂದೆ ನಿಂತು ಅವಳು ಕೇಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಮಗಳು ಎದ್ದು ನಡೆಯಲಿ ಎಂದಲ್ಲ. "ನನ್ನಂದ ಮೊದ್ಲು ಇದರ ಕರ್ಕ" ಎಂದು. ನನಗಿಂತ ಮೊದಲು ಇವಳನ್ನು ಕರೆದುಕೋ. ಹೆತ್ತವಳು ಹಾಗೆ ಕೇಳುವುದನ್ನು ಗೋಡೆಯ ಈಚೆ ನಿಂತು ಕೇಳಿದ್ದೇನೆ. ಒಂದು ದಿನವೂ ತಡೆಯಲಿಲ್ಲ.

ಅವಳು ಕೇಳಿದ ಹಾಗೆ ಆಗಲಿಲ್ಲ. ಒಂದು ಬೆಳಗ್ಗೆ ಗಂಜಿ ಬಟ್ಟಲು ಹಿಡಿದುಕೊಂಡೇ ಮಂಚದ ಬುಡದಲ್ಲಿ ಕುಸಿದಳು. ಊರವರು ಬಂದು ಸೇರಿ, ಅವ್ವನನ್ನು ಚಾವಡಿಯಲ್ಲಿ ಮಲಗಿಸಿದರು. ಒಳಗೆ ರತ್ನ ಹಸಿವಿಗೆ ಕೂಗುತ್ತಿದ್ದಳು. ನಾನು ತಿನ್ನಿಸಲು ಹೋದರೆ ಬಾಯಿ ತೆರೆಯಲಿಲ್ಲ. ಅವಳಿಗೆ ಅವ್ವನ ಕೈಯೇ ಬೇಕು. ಸುದ್ದಿ ಕೇಳಿ ಕಡಬದಿಂದ ಬಂದ ಜುಬೈದ, ಅವ್ವನ ಸೀರೆಯೊಂದನ್ನು ಹೆಗಲ ಮೇಲೆ ಹೊದ್ದುಕೊಂಡು ಪಕ್ಕದಲ್ಲಿ ಕೂತಳು. ವಾಸನೆ ಹಿಡಿದೋ ಏನೋ, ರತ್ನ ಬಾಯಿ ತೆರೆದಳು. ಆಚೆ ಅವ್ವನನ್ನು ಎತ್ತುವಾಗ ಈಚೆ ರತ್ನ ಗಂಜಿ ಉಣ್ಣುತ್ತಾ ನಗುತ್ತಿದ್ದಳು. ಅದಾದ ಮೇಲೆಯೇ ನಾನು ಆ ಮನೆ ಬಿಟ್ಟು ಹಮೀದನ ಪಕ್ಕಕ್ಕೆ ಬಂದದ್ದು.

ಅವ್ವ ಹೋದ ಮೇಲೆ ದೇವರ ಮುಂದೆ ನಿಲ್ಲಲು ನನಗೆ ಹೆದರಿಕೆಯಾಗುತ್ತದೆ. ನಿಂತರೆ ನನ್ನ ಬಾಯಿಂದಲೂ ಅದೇ ಬರುತ್ತದೆ ಎಂದು ಗೊತ್ತು. ನಾನೂ ಹೋದರೆ ಇವಳ ಬೆರಳು ಬಿಡಿಸಿ ಉಗುರು ಕತ್ತರಿಸುವವರು ಯಾರು? ಜುಬೈದಳಿಗೂ ವಯಸ್ಸಾಗುತ್ತಿದೆ.

ಕಳೆದ ತಿಂಗಳು ರತ್ನಳಿಗೆ ಕಫ ಕಟ್ಟಿ ಉಸಿರಾಟ ಕಷ್ಟವಾಯಿತು. ಹಮೀದನ ರಿಕ್ಷಾದಲ್ಲಿ ಪುತ್ತೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಎಕ್ಸ್‌ರೇ ತೆಗೆಸಿ ನೋಡಿದರು. ಒಳ್ಳೆಯವರು, ನಿಧಾನಕ್ಕೆ ಮಾತಾಡಿದರು. "ಮಲಗಿ ಮಲಗಿ ಶ್ವಾಸಕೋಶ ಸೋತಿದೆ. ಈಗ ಔಷಧಿ ಕೊಟ್ಟಿದ್ದೇನೆ, ಕಡಿಮೆಯಾಗುತ್ತದೆ. ಆದರೆ ಮುಂದಿನ ಮಳೆಗಾಲದ ತಂಡಿ ತಡೆಯುದು ಕಷ್ಟ. ನೀವು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು" ಎಂದರು.

ನಿಮಗೆ ಸುಳ್ಳು ಹೇಳುವುದಿಲ್ಲ. ಆ ಮಾತು ಕೇಳಿದಾಗ ನನ್ನ ಎದೆಯಿಂದ ಒಂದು ಕಲ್ಲು ಇಳಿದ ಹಾಗಾಯಿತು. ಇವಳು ನನಗಿಂತ ಮೊದಲು ಹೋಗುತ್ತಾಳೆ, ಯಾರ ಕೈಗೂ ಬೀಳುವುದಿಲ್ಲ. ಹಗುರಾದೆ. ಡಾಕ್ಟರಿಗೆ ಕೈ ಮುಗಿದೆ ಕೂಡ. ರತ್ನಳನ್ನು ಎತ್ತಿಕೊಂಡು ಹೊರಗೆ ಬಂದಾಗ ಅವಳ ತಲೆ ನನ್ನ ಕುತ್ತಿಗೆಗೆ ಒರಗಿತು, ಬಿಸಿ ಉಸಿರು ತಾಗಿತು. ನಾನು ಯಾವುದಕ್ಕೆ ಕೈ ಮುಗಿದು ಬಂದೆ? ಆಸ್ಪತ್ರೆಯ ಮೆಟ್ಟಿಲಿನಲ್ಲಿ ಅವಳನ್ನು ಹಿಡಿದುಕೊಂಡೇ ಕೂತುಬಿಟ್ಟೆ. ಜನ ಸುತ್ತಿ ದಾಟಿ ಹೋಗುತ್ತಿದ್ದರು. ಹಮೀದ್ ಬಂದು ಅವಳನ್ನು ನನ್ನ ಕೈಯಿಂದ ತೆಗೆದುಕೊಂಡ.

ರಿಕ್ಷಾದಲ್ಲಿ ಅವಳನ್ನು ನನಗೆ ಒರಗಿಸಿ, ಇಬ್ಬರನ್ನೂ ಸೇರಿಸಿ ಶಾಲು ಕಟ್ಟಿದ. ಪೇಟೆ ದಾಟಿ ಗಾಳಿ ಬೀಸತೊಡಗಿದ್ದೇ ರತ್ನಳಿಗೆ ನಗು ಬಂತು. ರಿಕ್ಷಾ ಹೊಂಡಕ್ಕೆ ಇಳಿದು ಎದ್ದಾಗಲೆಲ್ಲ ಗಂಟಲಿನಿಂದ ಒಂದು ಸದ್ದು ಮಾಡಿ ಜೋರಾಗಿ ನಕ್ಕಳು. ಇವಳಿಗೆ ರಿಕ್ಷಾ ಇಷ್ಟು ಇಷ್ಟವೆಂದು ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಗೆ ಬಿಟ್ಟರೆ ಯಾವಾಗ ಕೂರಿಸಿದ್ದೇವೆ?

ಕಡಬದಲ್ಲಿ ಮನೆಯ ಓಣಿ ಬಂತು. ಹಮೀದ್ ತಿರುಗಿಸಲು ನಿಧಾನ ಮಾಡಿದ.

"ಮನೆಗೆ ಬೇಡ. ಸೀದಾ ಬಿಡು" ಎಂದೆ.

"ಸೀದಾ ಎಲ್ಲಿಗೆ?"

"ಕೋಡಿಂಬಾಳದ ಕಡೆ."

"ಅಲ್ಲಿ ಎಂತ ಉಂಟು ಮಾರಾಯ ಈಗ?"

"ಎಂತದೂ ಇಲ್ಲ. ಇವಳು ನಗ್ತಿದ್ದಾಳೆ."

ಹಮೀದ್ ಕನ್ನಡಿಯಲ್ಲಿ ಒಮ್ಮೆ ನಮ್ಮಿಬ್ಬರನ್ನೂ ನೋಡಿದ. ಗೇರ್ ಹಾಕಿದ. ಕೋಡಿಂಬಾಳ ದಾಟಿತು. ಟಾರು ಮುಗಿದು ಮಣ್ಣಿನ ರಸ್ತೆ ಬಂತು, ಅಲ್ಲಿ ಇನ್ನೂ ಹೆಚ್ಚು ಕುಲುಕಿತು, ಅವಳು ಇನ್ನೂ ಹೆಚ್ಚು ನಕ್ಕಳು. ಅದೂ ಮುಗಿದಲ್ಲಿ ಅವನು ರಿಕ್ಷಾ ತಿರುಗಿಸಿ ನಿಲ್ಲಿಸಿ, ಏನು ಮಾಡುವುದೆಂದು ಕೇಳುವ ಹಾಗೆ ಹಿಂದೆ ನೋಡಿದ. ನಿಂತದ್ದಕ್ಕೆ ರತ್ನಳ ನಗು ನಿಂತಿತ್ತು. ಅವಳು ಕಣ್ಣು ಅಗಲ ಮಾಡಿ ಕಾಯುತ್ತಿದ್ದಳು.

"ಹೋಗು ಹಮೀದ್" ಎಂದೆ. "ನಿಲ್ಲಿಸಬೇಡ."